ಬೆಂಡಿಲ್ಲದ ಗಾಳ

ಕನ್ನಡದಲ್ಲಿ ಗಾಳದ ಬಗ್ಗೆ ಯಾರೇ ಬರೆಯಲು ಕೂತರೂ ಮೊದಲು ಮೂರನೇ ಸೋಮೇಶ್ವರನಿಗೆ ಒಂದು ನಮಸ್ಕಾರ ಸಲ್ಲಿಸುವುದು ರೂಢಿ. ಕಲ್ಯಾಣದ ಈ ಚಾಲುಕ್ಯ ಅರಸು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಅಧ್ಯಾಯವಿದೆ. ಇಂಗ್ಲೆಂಡಿನ ಐಸಾಕ್ ವಾಲ್ಟನ್ 1653ರಲ್ಲಿ ಗಾಳದ ಪುಸ್ತಕ ತರುವುದಕ್ಕೆ ಐದು ಶತಮಾನ ಮೊದಲೇ ನಮ್ಮವನು ಬರೆದುಬಿಟ್ಟಿದ್ದ ಎಂಬ ಹೆಮ್ಮೆ ಆಮೇಲೆ ಬರುತ್ತದೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಆ ಅಧ್ಯಾಯವನ್ನು ಕೂಲಂಕಷವಾಗಿ ಪರಿಶೀಲಿಸಿ ಲೇಖನ ಪ್ರಕಟಿಸಿದರು. ಅಲ್ಲಿಂದೀಚೆಗೆ ಹೊಗಳಿಕೆ ಬೆಳೆಯಿತು, ಓದು ಬೆಳೆಯಲಿಲ್ಲ.

ಓದಿದರೆ ಏನು ಸಿಗುತ್ತದೆ? ಮೀನುಗಳ ವಿಂಗಡಣೆ ಸಿಗುತ್ತದೆ: ಕಡಲಿನವು, ಸಿಹಿನೀರಿನವು, ಪೊರೆ ಇರುವವು, ಇಲ್ಲದವು, ದೊಡ್ಡವು, ಸಣ್ಣವು. ಯಾವುದಕ್ಕೆ ಯಾವ ಎರೆ, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂಬುದೆಲ್ಲ ಅಚ್ಚುಕಟ್ಟಾಗಿದೆ. ಅದರ ಶಿಸ್ತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಡೀ ಅಧ್ಯಾಯ ನಿಂತಿರುವುದು ಮೀನಿಗೆ ಮೇವು ಹಾಕಿ ಹಾಕಿ ಅದನ್ನು ಒಂದು ಜಾಗಕ್ಕೆ ಒಗ್ಗಿಸುವುದರ ಮೇಲೆ. ಮೀನು ಬರುವ ಜಾಗ ಮೊದಲೇ ಗೊತ್ತಾಗಿದೆ, ಅರಸ ಆಮೇಲೆ ಬರುತ್ತಾನೆ. ಹುಡುಕುವ ಕೆಲಸ ಆಳುಗಳದ್ದು, ಅವರ ತಿಳಿವಳಿಕೆಗೆ ಅಲ್ಲಿ ಒಂದು ಸಾಲೂ ಮೀಸಲಿಟ್ಟದ್ದು ನನಗೆ ಕಾಣಲಿಲ್ಲ. ಗಾಳದ ಕಲೆಯಲ್ಲಿ ಅತಿ ಕಷ್ಟದ ಭಾಗ ಯಾವುದೋ ಅದನ್ನೇ ಬಿಟ್ಟು ಬರೆದ ಗ್ರಂಥವನ್ನು ಗಾಳದ ಮೂಲಗ್ರಂಥ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಆ ಬಿಟ್ಟುಹೋದ ಭಾಗ ಇಂದಿಗೂ ತುಂಗಭದ್ರೆಯ ಹಿನ್ನೀರಿನ ಅಂಚಿನಲ್ಲಿ ಬದುಕಿದೆ. ಕುರೆಕುಪ್ಪ, ತೋರಣಗಲ್ಲು ಕಡೆಯಿಂದ ರಜೆಯ ದಿನ ಬೈಕಿಗೆ ಬಿದಿರುಕೋಲು ಕಟ್ಟಿಕೊಂಡು ಬರುವವರು, ಮರಿಯಮ್ಮನಹಳ್ಳಿಯ ಸುತ್ತಿನ ರೈತರು, ಹೊಸಪೇಟೆಯ ಗಾರೆ ಕೆಲಸದವರು ಇದನ್ನು ನಡೆಸಿಕೊಂಡು ಬಂದಿದ್ದಾರೆ. ಇವರ ಗಾಳಕ್ಕೆ ಬೆಂಡಿಲ್ಲ. ಒಂದು ಸೀಸದ ಗುಂಡು, ಅದರಿಂದ ಗೇಣು ದೂರದಲ್ಲಿ ಮುಳ್ಳು, ಮುಳ್ಳಿಗೆ ಎರೆಹುಳು. ಗುಂಡು ತಳಕ್ಕೆ ಕೂರಬೇಕು. ಕಣ್ಣಿಗೆ ಕಾಣುವುದು ಏನೂ ಇಲ್ಲ.

ಇದರ ಬೆಲೆ ತಿಳಿಯಬೇಕಾದರೆ ಆ ನೀರಿನ ಸ್ವಭಾವ ತಿಳಿಯಬೇಕು. ಕಡಲ ಅಳಿವೆಯಲ್ಲಿ ದಿನಕ್ಕೆರಡು ಸಲ ಭರತ, ಎರಡು ಸಲ ಇಳಿತ. ಇಂಗ್ಲೆಂಡಿನ ಅಳಿವೆಗಳಲ್ಲಿ ಫ್ಲೌಂಡರ್ ಎಂಬ ಚಪ್ಪಟೆ ಮೀನಿಗೆ, ನಮ್ಮ ಕರಾವಳಿಯ ನಂಗಿನ ದೂರದ ನೆಂಟನಿಗೆ, ದಡದಿಂದ ಗಾಳ ಹಾಕುವವರು ಇಳಿತದ ಹೊತ್ತಿಗೆ ಬಂದು ಕೆಸರಿನ ತೋಡುಗಳನ್ನು ನೋಡಿಟ್ಟುಕೊಳ್ಳುತ್ತಾರೆ, ಭರತ ಬಂದಾಗ ಅಲ್ಲಿಗೇ ಎಸೆಯುತ್ತಾರೆ. ನಮ್ಮ ಹಿನ್ನೀರಿನ ಭರತ ವರ್ಷಕ್ಕೆ ಒಂದೇ. ಮಲೆನಾಡಿನ ಮಳೆಗೆ ಜುಲೈ, ಆಗಸ್ಟ್‌ನಲ್ಲಿ ನೀರು ಜಲಾಶಯದ ಪೂರ್ಣ ಮಟ್ಟವಾದ 1633 ಅಡಿಯ ಕಡೆಗೆ ಏರುತ್ತದೆ. ಕಾಲುವೆಗಳಿಗೆ ಬಿಟ್ಟಂತೆಲ್ಲ ಇಳಿಯುತ್ತ ಹೋಗಿ ಮೇ ಹೊತ್ತಿಗೆ ಮೈಲುಗಟ್ಟಲೆ ನೆಲ ಬಯಲಾಗುತ್ತದೆ. ಬಯಲಾಗುವುದು ಬರೀ ಕೆಸರಲ್ಲ. 1953ರಲ್ಲಿ ಅಣೆಕಟ್ಟು ಮುಗಿಯುವ ಮುಂಚೆ ಅಲ್ಲಿ ಊರುಗಳಿದ್ದವು, ಹೊಲಗಳಿದ್ದವು. ನಾರಾಯಣದೇವರಕೆರೆಯಂಥ ಊರೇ ಮುಳುಗಿದೆ. ಬೇಸಿಗೆಯಲ್ಲಿ ಹಳೆಯ ಬದು, ಬಂಡಿಜಾಡು, ಹಳ್ಳದ ದಂಡೆ ಮತ್ತೆ ಮೇಲೆ ಕಾಣುತ್ತವೆ. ಬೆಂಡಿಲ್ಲದ ಗಾಳದವನು ಮೇ ತಿಂಗಳಲ್ಲಿ ಅಲ್ಲಿ ಓಡಾಡುತ್ತಾನೆ. ಆಗ ನೋಡಿದ ನೆಲಕ್ಕೆ ನವೆಂಬರಿನಲ್ಲಿ ಎರಡಾಳು ನೀರಿನ ಮೇಲಿನಿಂದ ಗಾಳ ಎಸೆಯುತ್ತಾನೆ.

ಕೈಯ ಕೆಲಸವನ್ನು ಇಲ್ಲಿ ಬಿಡಿಸಿ ನೋಡಬೇಕು. ಎಸೆದ ಮೇಲೆ ದಾರ ಬಿಗಿಯಾಗಿ ಓಡುತ್ತದೆ, ಗುಂಡು ತಳ ಮುಟ್ಟಿದ ಕ್ಷಣಕ್ಕೆ ಸಡಿಲವಾಗುತ್ತದೆ. ಹೊಸಬರು ಆಗಲೇ ಕೋಲನ್ನು ಕವೆಗೆ ಆನಿಸಿ ಕೂರುತ್ತಾರೆ. ಬಲ್ಲವರು ದಾರವನ್ನು ತೋರುಬೆರಳಿನ ತುದಿಯ ಮೇಲೆ ಹಾಯಿಸಿಕೊಂಡು ಮೊಳ ಮೊಳವಾಗಿ ಎಳೆಯುತ್ತಾರೆ. ಹೂಳಿನ ಮೇಲೆ ಗುಂಡು ಅಂಟಿ ಅಂಟಿ ಬರುತ್ತದೆ. ಗರಸಿನ ಮೇಲೆ ಟಕಟಕ ಎಂದು ಬೆರಳಿಗೆ ಬಡಿಯುತ್ತದೆ. ಬದು ಸಿಕ್ಕಿದರೆ ಒಂದು ತಡೆ, ಏರುವ ಭಾರ, ದಾಟಿದೊಡನೆ ಹಗುರ. ಆ ಹಗುರಾದ ಜಾಗದಲ್ಲೇ ನಿಲ್ಲಿಸಬೇಕು. ಗಾಳಿಗೆ ಎದ್ದ ಅಲೆ ಹೊತ್ತು ತಂದ ಹುಳಹುಪ್ಪಟೆ ಬದುವಿನ ಮರೆಯಲ್ಲಿ ತಂಗುತ್ತದೆ, ತಳ ಕೆದಕಿ ತಿನ್ನುವ ಮೃಗಾಲ ಅಲ್ಲಿಗೆ ಬರುತ್ತದೆ. ಕಾಟ್ಲಾದ ಬಾಯಿ ಮೇಲ್ಮುಖ, ಅದು ಮೇಲಿನ ನೀರಿನ ಮೀನು, ಈ ಗಾಳಕ್ಕೆ ಅದರ ಗೊಡವೆಯಿಲ್ಲ.

ಕುರೆಕುಪ್ಪದ ಹಿರಿಯರೊಬ್ಬರ ಪಕ್ಕ ಕೂತು ನಾನು ಇದನ್ನು ಕಂಡೆ. ದಾರ ಎಳೆಯುತ್ತಿದ್ದವರು ನಡುವೆ ನಿಂತು, “ತಡಿ ತಮ್ಮಾ, ಇನ್ನಾ ಬದು ದಾಟಿಲ್ಲ” ಅಂದರು. ಮತ್ತೆರಡು ಮೊಳ ಎಳೆದು, “ಈಗ ಕುಂತತಿ ನೋಡು” ಅಂದರು. ಮೃಗಾಲ ಕಚ್ಚಿದಾಗ ದಾರ ಜಗ್ಗಲೇ ಇಲ್ಲ. ಬಿಗಿಯಾಗಿದ್ದುದು ಒಂದಿಷ್ಟು ಸಡಿಲಾಯಿತು, ಅಷ್ಟೇ. ಮೀನು ಎರೆಯನ್ನು ಹೀರಿಕೊಂಡು ಗುಂಡಿನ ಸಮೇತ ದಡದ ಕಡೆಗೆ ಸರಿದಿತ್ತು. ಆ ಸಡಿಲಿಕೆಯನ್ನು ಹಿಡಿದ ಬೆರಳಿಗೆ ಸಮನಾದ ಕೌಶಲ ‘ಮತ್ಸ್ಯವಿನೋದ’ದ ಯಾವ ಸಾಲಿನಲ್ಲೂ ನನಗೆ ಕಂಡಿಲ್ಲ.

ಈ ನೆಲವೂ ಇದ್ದಂತೆ ಇರುವುದಿಲ್ಲ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. ಕಳೆದ ಬೇಸಿಗೆಯ ಬದು ಈ ಬೇಸಿಗೆಗೆ ಅರ್ಧ ಹೂತಿರುತ್ತದೆ, ಮತ್ತೆ ನಡೆದು ನೋಡಬೇಕು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋಗಿ, ತುಂಬಿದ ನೀರನ್ನು ನಡುಮಳೆಗಾಲದಲ್ಲೇ ಹೊರಬಿಡಬೇಕಾಯಿತು. ಅಂಚು ಹಿಂದೆ ಸರಿದಾಗ ಎಲ್ಲಿ ಕೂರಬೇಕೆಂದು ಆ ವಾರ ತಿಳಿದದ್ದು ಈ ಜನಕ್ಕೆ ಮಾತ್ರ.

ಹೀಗಿರುವಾಗ ಗಾಳದ ವಿಮರ್ಶಕರು ಏನು ಬರೆಯುತ್ತಾರೆ? ಒಂದು ಗುಂಪಿಗೆ ಗಾಳವೆಂದರೆ ಕಾವೇರಿ, ಕಾವೇರಿಯೆಂದರೆ ಬಿಳಿಮೀನು, ಅಂದರೆ ಮಹಶೀರ್. ಮೈಸೂರಿನ ವ್ಯಾನ್ ಇಂಗನ್ 1946ರಲ್ಲಿ ಹಿಡಿದ 120 ಪೌಂಡಿನ ಮಹಶೀರನ್ನು ಇಂದಿಗೂ ಅವರು ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ. ಮೀನು ಎಷ್ಟು ಹೊತ್ತು ಕಾದಾಡಿತು, ಎಷ್ಟು ತೂಗಿತು ಎಂಬುದೇ ಅವರಿಗೆ ಕಲೆಯ ಪ್ರಮಾಣ. ಕಚ್ಚಿದ ಮೇಲಿನ ಹೋರಾಟದಲ್ಲಿ ತೋಳಿನ ಬಲ ಇದೆ, ಧೈರ್ಯ ಇದೆ, ಒಪ್ಪುತ್ತೇನೆ. ಆದರೆ ಅಲ್ಲಿಗೆ ಬರುವಷ್ಟರಲ್ಲಿ ಕಲೆಯ ಮುಖ್ಯ ಕೆಲಸ ಮುಗಿದಿರುತ್ತದೆ. ಆ ಕಾವೇರಿಯ ದೊಡ್ಡ ಮಹಶೀರ್ ಇಂದು ಅಳಿವಿನ ಅಂಚಿನಲ್ಲಿದೆ. ಆ ಅಳತೆಗೋಲನ್ನೇ ಹಿಡಿದು ಕೂತರೆ ಕರ್ನಾಟಕದಲ್ಲಿ ಗಾಳದ ಕಲೆ ಮುಗಿದುಹೋಯಿತು ಎಂದೇ ತೀರ್ಮಾನಿಸಬೇಕಾಗುತ್ತದೆ. ಹಾಗೆ ತೀರ್ಮಾನಿಸಿದವರೂ ಇದ್ದಾರೆ.

ಇನ್ನೊಂದು ಗುಂಪು ಸಾಹಿತ್ಯದವರದು. ಇವರ ಮೇಲೆ ನನ್ನ ತಕರಾರು ಹೆಚ್ಚು. ಪೂರ್ಣಚಂದ್ರ ತೇಜಸ್ವಿ ಗಾಳ ಹಿಡಿದು ಕೂರುತ್ತಿದ್ದರು ಎಂಬ ಒಂದು ಎಳೆಯಿಂದ ಇವರು ಗಾಳವನ್ನು ಧ್ಯಾನವನ್ನಾಗಿ ಮಾಡಿಬಿಟ್ಟಿದ್ದಾರೆ. ಮೌನ, ತಾಳ್ಮೆ, ಏಕಾಂತ, ನೀರಿನ ಎದುರು ಕರಗುವ ಅಹಂಕಾರ ಇತ್ಯಾದಿ. ತೇಜಸ್ವಿ ಕುತೂಹಲದ ಮನುಷ್ಯ. ಯಾವುದು ಎಲ್ಲಿ ಏಕೆ ಇದೆ ಎಂದು ಕೆದಕುತ್ತಿದ್ದವರು. ಅವರ ಹೆಸರಿನಲ್ಲಿ ಕುತೂಹಲವನ್ನೇ ಅಳಿಸಿ ಬರೀ ತಾಳ್ಮೆಯನ್ನು ಉಳಿಸುವುದು ಅವರಿಗೂ ಅನ್ಯಾಯ, ಗಾಳಕ್ಕೂ ಅನ್ಯಾಯ. ಹಿನ್ನೀರಿನ ಅಂಚಿನಲ್ಲಿ ಕೂತವನ ತಲೆ ಖಾಲಿಯಾಗಿರುವುದಿಲ್ಲ. ಗಾಳಿ ತಿರುಗಿತು, ನೀರು ನಿನ್ನೆಗಿಂತ ಗೇಣು ಇಳಿದಿದೆ, ಹಾಗಾದರೆ ಮೀನು ಹಳೆಯ ಹಳ್ಳದ ಗುಂಡಿಗೆ ಸರಿದಿರಬೇಕು ಎಂದು ಅವನು ಲೆಕ್ಕ ಹಾಕುತ್ತಿರುತ್ತಾನೆ. ಎಸೆದು ಪರೀಕ್ಷಿಸುತ್ತಾನೆ, ತಪ್ಪಿದರೆ ಲೆಕ್ಕ ಬದಲಿಸುತ್ತಾನೆ. ಹೊಲದಲ್ಲಿ ಇದನ್ನೇ ಮಾಡುವ ರೈತನನ್ನು ಧ್ಯಾನಿ ಎಂದು ಯಾರೂ ಕರೆಯುವುದಿಲ್ಲ. ಬುದ್ಧಿಯ ಕೆಲಸವನ್ನು ಮನಸ್ಸಿನ ಸ್ಥಿತಿ ಎಂದು ಬಣ್ಣಿಸಿದೊಡನೆ ಅದನ್ನು ಕಲಿಸಬೇಕಾದ, ಬರೆದಿಡಬೇಕಾದ ಹೊಣೆ ತಪ್ಪಿಹೋಗುತ್ತದೆ. ಇಷ್ಟು ವರ್ಷ ಯಾರೂ ಬರೆದಿಡದೆ ಇರುವುದಕ್ಕೆ ಇದೇ ಕಾರಣ ಎಂದು ನಾನು ನಂಬಿದ್ದೇನೆ.

ಹಿನ್ನೀರಿನ ಗಾಳದವರಲ್ಲಿ ಕೊರತೆಗಳಿಲ್ಲವೆಂದಲ್ಲ. ಒಂದೇ ದಾರಕ್ಕೆ ಹತ್ತಾರು ಮುಳ್ಳು ಕಟ್ಟಿ ರಾತ್ರಿಯಿಡೀ ನೀರಿಗೆ ಬಿಟ್ಟುಬರುವವರು ಹೆಚ್ಚುತ್ತಿದ್ದಾರೆ. ಅದಕ್ಕೆ ನೆಲ ಗೊತ್ತಿರಬೇಕಿಲ್ಲ, ಬೆರಳೂ ಬೇಕಿಲ್ಲ. ಇದೇ ದಡದಿಂದ ಎಳೆಯುವ, ಮರಿಯನ್ನೂ ಬಿಡದೆ ಗುಡಿಸುವ ಅಲವಿ ಬಲೆಗೂ ಈ ಹತ್ತಾರು ಮುಳ್ಳಿನ ದಾರಕ್ಕೂ ಬುದ್ಧಿಯಲ್ಲಿ ವ್ಯತ್ಯಾಸವಿಲ್ಲ. ಕಲ್ಲಿಗೆ ಸಿಕ್ಕಿ ತುಂಡಾದ ನೈಲಾನ್ ದಾರವನ್ನು ದಡದಲ್ಲೇ ಎಸೆದು ಹೋಗುವುದು ಇನ್ನೂ ಕೆಟ್ಟ ಚಾಳಿ. ಅಂಕಸಮುದ್ರ ಪಕ್ಷಿಧಾಮದ ಕಡೆಯ ಕೊಕ್ಕರೆಗಳು ಮೇಯಲು ಬರುವುದು ಈ ಅಂಚಿಗೇ, ದಾರ ಕಾಲಿಗೆ ಸುತ್ತಿಕೊಂಡರೆ ಹಕ್ಕಿ ಉಳಿಯುವುದಿಲ್ಲ. ಬೆಂಡಿಲ್ಲದ ಗಾಳವನ್ನು ಬಲ್ಲವರು ತುಂಡಾದ ದಾರವನ್ನು ಬೆರಳಿಗೆ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಾರೆ, ಮನೆಯಲ್ಲಿ ಗಂಟು ಹಾಕಿ ಮತ್ತೆ ಬಳಸುತ್ತಾರೆ.