ಲಾಗ್ ತೋರಿಸುವ ಟ್ಯೂನರ್

ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 2017ರಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದಾಗ ಅದರ ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ 230 ಪಿಎಸ್ ಶಕ್ತಿ, 350 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿತ್ತು. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಊರಿಗೆ ಹೋಗಬಹುದು. ಒಬ್ಬರೇ ಇದ್ದಾಗ ಕಾಲೊತ್ತಿದರೆ ಇನ್ನೊಂದೇ ಕಾರು. ಕೊಂಡವರಲ್ಲಿ ಬಹಳ ಮಂದಿ ಅಷ್ಟಕ್ಕೆ ನಿಲ್ಲಲಿಲ್ಲ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವಿನ ಸಾಫ್ಟ್‌ವೇರ್ (ಮ್ಯಾಪ್) ಬದಲಿಸಿದರೆ ಇದೇ ಎಂಜಿನ್ 300 ಪಿಎಸ್ ಆಸುಪಾಸಿಗೆ ಬರುತ್ತದೆ. ಗಾಲ್ಫ್ ಆರ್ ಕಾರಿನ ಐಎಸ್38 ಟರ್ಬೊ ತಂದು ಕೂರಿಸಿ, ಇಂಟರ್‌ಕೂಲರ್, ಡೌನ್‌ಪೈಪ್ ಬದಲಿಸಿದರೆ ಇನ್ನೂ ಮೇಲಕ್ಕೆ. ದುಡ್ಡು ಕೊಟ್ಟರೆ ಬಿಡಿಭಾಗಗಳೆಲ್ಲ ಸಿಗುತ್ತವೆ. ಎಷ್ಟು ಗಾಳಿ ಒಳಗೆ ಬರಬೇಕು, ಎಷ್ಟು ಪೆಟ್ರೋಲ್ ಚಿಮ್ಮಬೇಕು, ಕಿಡಿ ಯಾವ ಕ್ಷಣದಲ್ಲಿ ಹೊತ್ತಬೇಕು ಎಂದು ಆ ಬದಲಾದ ಎಂಜಿನ್‌ಗೆ ಸರಿಯಾಗಿ ಹೇಳಿಕೊಡುವ ಮನುಷ್ಯ ಸಿಗುವುದು ಕಷ್ಟ. ಬೆಂಗಳೂರಿನಲ್ಲಿ ಟ್ಯೂನರ್‌ಗಳಿಗೆ ಬರವಿಲ್ಲ. ಅವರನ್ನು ಆರಿಸುವ ನಮ್ಮ ಕ್ರಮ ಸರಿಯಿಲ್ಲ ಎಂಬುದು ನನ್ನ ದೂರು.

ನಾವು ಆರಿಸುವುದು ಎಂಜಿನ್ ಶಕ್ತಿ ಅಳೆಯುವ ಡೈನೋ ಯಂತ್ರದ ಹಾಳೆ ನೋಡಿ. ಯಾರ ಹಾಳೆಯಲ್ಲಿ ಅಂಕಿ ದೊಡ್ಡದೋ ಅವರೇ ದೊಡ್ಡ ಟ್ಯೂನರ್. ಆದರೆ ಆ ಹಾಳೆಯಲ್ಲಿರುವುದು ಯಂತ್ರ ಅಳೆದ ಅಂಕಿಯಲ್ಲ, ತಿದ್ದಿದ ಅಂಕಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರಿನಲ್ಲಿ 1013 ಮಿಲಿಬಾರ್ ಆಸುಪಾಸು ಇರುವ ವಾಯುಒತ್ತಡ ಇಲ್ಲಿ 910ರ ಹತ್ತಿರ ಇರುತ್ತದೆ. ಎತ್ತರದಲ್ಲಿ ಗಾಳಿ ತೆಳುವಾಗಿ ಎಂಜಿನ್ ಶಕ್ತಿ ಕುಗ್ಗುತ್ತದೆ ಎಂಬ ಕಾರಣಕ್ಕೆ ಡೈನೋದ ಸಾಫ್ಟ್‌ವೇರ್ ಅಳತೆಯನ್ನು ಸಮುದ್ರಮಟ್ಟದ ಲೆಕ್ಕಕ್ಕೆ ಏರಿಸುತ್ತದೆ. ಜರ್ಮನಿಯ ಡಿಐಎನ್ ಸೂತ್ರದ ಪ್ರಕಾರ ಬೆಂಗಳೂರಿನಲ್ಲಿ ಈ ಏರಿಕೆ ಶೇಕಡಾ 11ರಷ್ಟಾಗುತ್ತದೆ. ಟರ್ಬೊ ಇಲ್ಲದ ಎಂಜಿನ್‌ಗೆ ಇದು ನ್ಯಾಯವಾದ ಲೆಕ್ಕ. ವಿಆರ್‌ಎಸ್‌ನಂಥ ಕಾರಿನಲ್ಲಿ ಇಸಿಯು ಒಳಗಾಳಿಯ ಪೂರ್ಣ ಒತ್ತಡವನ್ನೇ (ವಾಯುಒತ್ತಡವೂ ಸೇರಿದ್ದು) ಗುರಿಯಾಗಿಟ್ಟುಕೊಂಡು ಟರ್ಬೊವನ್ನು ಹೆಚ್ಚು ವೇಗವಾಗಿ ತಿರುಗಿಸಿ ಆ ಕೊರತೆಯನ್ನು ಬಹುಪಾಲು ತುಂಬಿಬಿಟ್ಟಿರುತ್ತದೆ. ತುಂಬಿದ್ದರ ಮೇಲೆ ಮತ್ತೆ ಏರಿಸಿದರೆ 280 ಇದ್ದದ್ದು ಹಾಳೆಯಲ್ಲಿ 310 ಆಗುತ್ತದೆ. ಕಾರಿನಲ್ಲಿ ಆ 30 ಪಿಎಸ್ ಇರುವುದಿಲ್ಲ. ತಿದ್ದದ ಅಂಕಿಯನ್ನೂ ಜೊತೆಗೆ ಅಚ್ಚು ಹಾಕಿಕೊಡಿ ಎಂದು ಕೇಳುವ ಗಿರಾಕಿಗಳು ಹೆಚ್ಚಾದರೆ ಈ ಅಭ್ಯಾಸ ತಾನಾಗಿ ಸರಿಹೋಗುತ್ತದೆ.

ಡೈನೋ ಬೇಡವೆಂದಲ್ಲ. ಒಂದೇ ಡೈನೋ ಮೇಲೆ, ಒಂದೇ ದಿನ, ಮ್ಯಾಪ್ ಬದಲಿಸುವ ಮೊದಲು ಮತ್ತು ಆಮೇಲೆ ಓಡಿಸಿದ ಎರಡು ಗೆರೆಗಳನ್ನು ಪಕ್ಕಪಕ್ಕ ಇಟ್ಟರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಒಂದು ಊರಿನ ಡೈನೋ ಅಂಕಿಯನ್ನು ಇನ್ನೊಂದು ಊರಿನದರ ಜೊತೆ ಹೋಲಿಸುವುದು ಮಾತ್ರ ವ್ಯರ್ಥ.

ನಿಜವಾಗಿ ಕೇಳಿ ಪಡೆಯಬೇಕಾದದ್ದು ಲಾಗ್. ಮೂರನೇ ಗೇರಿನಲ್ಲಿ 2,000 ಆರ್‌ಪಿಎಂನಿಂದ 6,500ರವರೆಗೆ ಪೂರ್ತಿ ಕಾಲೊತ್ತಿದರೆ ಕೆಲವೇ ಸೆಕೆಂಡುಗಳ ಓಟ. ಅಷ್ಟರಲ್ಲಿ ಇಸಿಯು ಬರೆದಿಟ್ಟ ಸಾಲುಗಳಲ್ಲಿ ಟ್ಯೂನರ್‌ನ ಕೆಲಸವೆಲ್ಲ ಬಯಲಾಗಿರುತ್ತದೆ. ಮೊದಲು ನೋಡಬೇಕಾದದ್ದು ನಾಲ್ಕೂ ಸಿಲಿಂಡರ್‌ಗಳ ನಾಕ್ ಕಾಲಮ್‌ಗಳನ್ನು. ಕಿಡಿ ಹೊತ್ತಿಸಿದ ಮೇಲೆ ಉರಿ ಒಂದು ಕಡೆಯಿಂದ ಹರಡುತ್ತಾ ಹೋಗಬೇಕು. ಒತ್ತಡ, ಬಿಸಿ ಮಿತಿಮೀರಿದರೆ ಉಳಿದ ಮಿಶ್ರಣ ತಾನೇ ಸಿಡಿಯುತ್ತದೆ, ಅದೇ ನಾಕ್. ಸೆನ್ಸರ್ ಅದನ್ನು ಕೇಳಿಸಿಕೊಂಡ ಕೂಡಲೇ ಇಸಿಯು ಆ ಸಿಲಿಂಡರ್‌ನ ಕಿಡಿಯನ್ನು ಕೆಲವು ಡಿಗ್ರಿ ತಡಮಾಡುತ್ತದೆ. ಅಲ್ಲೊಂದು ಇಲ್ಲೊಂದು ಕಡೆ ಒಂದೆರಡು ಡಿಗ್ರಿ ತಡವಾದರೆ ಗಾಬರಿ ಬೇಡ. 4,000 ದಾಟಿದ ಮೇಲೆ ಪ್ರತಿ ಓಟದಲ್ಲೂ ಅದೇ ಮೂರನೇ ಸಿಲಿಂಡರ್ ಐದಾರು ಡಿಗ್ರಿ ಹಿಂದೆ ಸರಿಯುತ್ತಿದ್ದರೆ ಆ ಮ್ಯಾಪ್ ಎಂಜಿನ್‌ನ ಸಹನೆಯ ಮೇಲೆ ಬದುಕುತ್ತಿದೆ ಎಂದರ್ಥ. ಇಂಥ ಕಾರು ಡೈನೋದಲ್ಲಿ ಅಂಕಿಯನ್ನೇನೋ ಕೊಡುತ್ತದೆ, ಪಿಕಪ್ ಕೂಡ ಚೆನ್ನಾಗಿಯೇ ಇರುತ್ತದೆ. ಪಿಸ್ಟನ್ನಿನ ಅಂಚು ಒಡೆಯುವ ದಿನದವರೆಗೆ ಮಾಲೀಕರಿಗೆ ಏನೂ ಗೊತ್ತಾಗುವುದಿಲ್ಲ. ಪಕ್ಕದ ಕಾಲಮ್‌ಗಳಲ್ಲಿ ಫ್ಯುಯಲ್ ರೈಲ್ ಒತ್ತಡ ಕೇಳಿದ್ದಕ್ಕಿಂತ ಕೆಳಗೆ ಜಾರುತ್ತಿದೆಯೇ, ಒಳಗೆ ಬರುವ ಗಾಳಿಯ ಬಿಸಿ ಓಟದಿಂದ ಓಟಕ್ಕೆ ಎಷ್ಟು ಏರುತ್ತಿದೆ, ಬೂಸ್ಟ್ ಹಿಡಿದಿಡಲು ವೇಸ್ಟ್‌ಗೇಟ್ ಎಷ್ಟು ಹೆಣಗುತ್ತಿದೆ ಎಂಬುದೂ ಇರುತ್ತದೆ. ಇವನ್ನು ಮಾಲೀಕರ ಪಕ್ಕ ಕೂತು ಓದಿ ಹೇಳಲು ಸಿದ್ಧವಿರುವವರು ನನ್ನ ಲೆಕ್ಕದಲ್ಲಿ ಟ್ಯೂನರ್. ಲಾಗ್ ನಮ್ಮ ಗುಟ್ಟು, ಹೊರಗೆ ಕೊಡುವುದಿಲ್ಲ ಎನ್ನುವವರ ಹತ್ತಿರ ಕಾರು ಬಿಡಬಾರದು. ಮ್ಯಾಪ್ ಅವರ ಸ್ವತ್ತು ಇರಬಹುದು. ಲಾಗ್ ಕಾರಿನ ಆರೋಗ್ಯದ ದಾಖಲೆ.

ನಗರದ ಹೊರವಲಯದ ಗ್ಯಾರೇಜೊಂದರಲ್ಲಿ ನಾನು ನೋಡಿದ ಕೆಲಸ ಇಲ್ಲಿ ಹೇಳಬೇಕು. ಟರ್ಬೊ ಬದಲಿಸಿಕೊಂಡ ವಿಆರ್‌ಎಸ್ ಒಂದು ರೀಮ್ಯಾಪ್‌ಗೆ ಬಂದಿತ್ತು. ಟ್ಯೂನರ್ ಲ್ಯಾಪ್‌ಟಾಪ್ ತೆರೆಯಲೇ ಇಲ್ಲ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಟಾರ್ಚ್ ಹಿಡಿದು, ಬಿಳಿ ಪಿಂಗಾಣಿಯ ಮೇಲೆ ನಾಕ್‌ನ ಗುರುತಾದ ಕಪ್ಪು ಚುಕ್ಕೆಗಳಿವೆಯೇ ಎಂದು ಒಂದೊಂದನ್ನೂ ತಿರುಗಿಸಿ ನೋಡಿದರು. ಆಮೇಲೆ ಒಳಗಾಳಿಯ ಕೊಳವೆಗಳಿಗೆ ಹೊಗೆ ತುಂಬಿದರು. ಇಂಟರ್‌ಕೂಲರ್‌ನ ಕೆಳಗಿನ ಕ್ಲಾಂಪ್ ಹತ್ತಿರ ನೂಲಿನೆಳೆಯಷ್ಟು ಹೊಗೆ ಎದ್ದಿತು. "ಮೊದಲು ಇದನ್ನ ಸರಿ ಮಾಡಿಸ್ಕೊಂಡು ಬನ್ನಿ ಸಾರ್. ಸೋರೋ ಗಾಡಿಗೆ ಮ್ಯಾಪ್ ಬರೆದ್ರೆ ಸೋರಿಕೆಗೇ ಮ್ಯಾಪ್ ಬರೆದ ಹಾಗಾಗುತ್ತೆ" ಎಂದು ಕಾರನ್ನು ವಾಪಸ್ ಕಳಿಸಿದರು. ಆ ದಿನದ ಸಂಪಾದನೆ ಕೈಬಿಟ್ಟು ಹೇಳಿದ ಮಾತದು. ಯಾವ ಡೈನೋ ಹಾಳೆಗಿಂತಲೂ ಅದು ನನಗೆ ದೊಡ್ಡ ಅರ್ಹತಾಪತ್ರವಾಗಿ ಕಂಡಿತು.

ಮ್ಯಾಪ್ ಬರೆಯುವವರು ನಾವು ಓಡಿಸುವ ನೆಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಂಜೆಕ್ಷನ್, ಬೂಸ್ಟ್ ಎಲ್ಲವನ್ನೂ ಬೆಂಗಳೂರಿನ ಬೆಳಗಿನ ತಂಪಿನಲ್ಲಿ ಹದಗೊಳಿಸಿದ ಕಾರು ಮೇ ತಿಂಗಳಲ್ಲಿ ಶಿರಾಡಿ ಘಾಟಿ ಇಳಿದು ಕರಾವಳಿಯ ಸೆಕೆಗೆ ಸೇರುತ್ತದೆ. ಒಳಗಾಳಿ ಬಿಸಿಯಾದಷ್ಟೂ ನಾಕ್ ಹತ್ತಿರವಾಗುತ್ತದೆ. ಬೆಂಗಳೂರಿನಲ್ಲಿ ಕಷ್ಟ ಬೇರೆ ಥರ: 2.2 ಬಾರ್ ಪೂರ್ಣ ಒತ್ತಡ ಬೇಕಾದರೆ ಮಂಗಳೂರಿನಲ್ಲಿ ಟರ್ಬೊ ಹೊರಗಾಳಿಯನ್ನು ಸುಮಾರು 2.17 ಪಟ್ಟು ಒತ್ತಬೇಕು, ಇಲ್ಲಿ 2.4 ಪಟ್ಟು. ಚಿಕ್ಕ ಟರ್ಬೊಗೆ ಆ ವ್ಯತ್ಯಾಸ ದೊಡ್ಡ ಹೊರೆ. ಮೇಲಾಗಿ ಹೆದ್ದಾರಿಯ ಎಲ್ಲ ಬಂಕ್‌ಗಳಲ್ಲಿ 95 ಅಥವಾ 100 ಆಕ್ಟೇನ್ ಪೆಟ್ರೋಲ್ ಸಿಗುವುದಿಲ್ಲ. ಕಾರಿನಲ್ಲಿ ಯಾವ ಪೆಟ್ರೋಲ್ ಹಾಕಿಸುತ್ತೀರಿ, ಎಲ್ಲೆಲ್ಲಿ ಓಡಿಸುತ್ತೀರಿ ಎಂದು ಕೇಳದೆ ಕೆಲಸ ಶುರುಮಾಡುವವರ ಬಗ್ಗೆ ನನಗೆ ನಂಬಿಕೆ ಹುಟ್ಟುವುದಿಲ್ಲ.

ಇಂಟರ್ನೆಟ್ ಮೂಲಕ ಮ್ಯಾಪ್ ಕಳಿಸುವ ದೂರದ ಟ್ಯೂನರ್‌ಗಳನ್ನು ನಮ್ಮಲ್ಲಿ ಸುಮ್ಮನೆ ತಳ್ಳಿಹಾಕುತ್ತಾರೆ. ಅದು ಅನ್ಯಾಯ. ಕಳಿಸಿದ ಲಾಗ್ ನೋಡಿ, ತಿದ್ದಿ, ಮತ್ತೆ ಲಾಗ್ ಕೇಳಿ, ಹೀಗೆ ಹಲವು ಸುತ್ತು ದುಡಿಯುವವರು ಅಲ್ಲಿದ್ದಾರೆ. ಲಾಗ್ ಓದದ ಪಕ್ಕದ ಬೀದಿಯವರಿಗಿಂತ ಅವರೇ ಮೇಲು. ಹಣ ಬಂದ ಕೂಡಲೇ ಎಲ್ಲರಿಗೂ ಒಂದೇ ಫೈಲ್ ಕಳಿಸಿ ಸುಮ್ಮನಾಗುವವರ ಮಾತು ಬೇರೆ. ಹಾರ್ಡ್‌ವೇರ್ ಮುಟ್ಟದ ಕಾರಿಗೆ ಅದು ಸಾಕಾದೀತು, ಟರ್ಬೊ ಬದಲಿಸಿದ ಕಾರಿಗೆ ಸಾಲದು.

ಗಿರಾಕಿಗಳ ಪಾಲೂ ಇದರಲ್ಲಿದೆ. ಕಾಲು ತೆಗೆದ ಕೂಡಲೇ ಸೈಲೆನ್ಸರ್‌ನಲ್ಲಿ ಪಟಪಟ ಸದ್ದು ಬೇಕು, 2,000 ಆರ್‌ಪಿಎಂನಲ್ಲೇ ಬೆನ್ನು ಸೀಟಿಗೆ ಒತ್ತಬೇಕು ಎಂದು ಕೇಳುತ್ತೇವೆ. ಆ ಸದ್ದಿಗಾಗಿ ಕಿಡಿಯನ್ನು ತಡಮಾಡಿ ಉರಿಯನ್ನು ಎಕ್ಸಾಸ್ಟ್‌ಗೆ ತಳ್ಳಬೇಕಾಗುತ್ತದೆ. ಟರ್ಬೊ, ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತವೆ. ಕಡಿಮೆ ವೇಗದಲ್ಲಿ ಅತಿ ಟಾರ್ಕ್ ಬಂದರೆ ಕನೆಕ್ಟಿಂಗ್ ರಾಡ್‌ಗಳಿಗೆ ಅಪಾಯ, ಡಿಎಸ್‌ಜಿ ಗೇರ್‌ಬಾಕ್ಸ್‌ನ ಕ್ಲಚ್‌ಗೂ ಅಪಾಯ. ಇದನ್ನೆಲ್ಲ ಹೇಳಿ, ಆಗುವುದಿಲ್ಲ ಎನ್ನುವ ಟ್ಯೂನರ್‌ಗೆ ಗಿರಾಕಿ ತಪ್ಪಿಹೋಗುತ್ತಾರೆ. ಒಪ್ಪಿಕೊಂಡವರ ಅಂಗಡಿ ತುಂಬಿರುತ್ತದೆ.

ಕಾನೂನಿನ ಮಾತನ್ನೂ ಟ್ಯೂನರ್‌ಗಳೇ ಮೊದಲು ಎತ್ತಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿಯ ಮೂಲ ವಿವರಗಳಿಂದ ಕಾರು ಬೇರೆಯಾಗುವಂಥ ಮಾರ್ಪಾಡಿಗೆ ತಡೆ ಹಾಕುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಗಟ್ಟಿಯಾಗಿ ಹೇಳಿತು. ವಾರಂಟಿಗೂ ಕುತ್ತು ಬರುತ್ತದೆ. ಇಂಥ ಕಾರಿಗೆ ತಕ್ಕ ಜಾಗ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಂಥ ಟ್ರ್ಯಾಕ್. ಮೂಲ ಸಾಫ್ಟ್‌ವೇರ್‌ನ ಪ್ರತಿಯನ್ನು ಮಾಲೀಕರ ಕೈಗೆ ಕೊಡುವುದು ಕನಿಷ್ಠ ಮರ್ಯಾದೆ.

ಈಗ ಬಂಕ್‌ಗಳಲ್ಲಿ ಸಿಗುತ್ತಿರುವ ಇ20 ಪೆಟ್ರೋಲ್‌ನಿಂದ ಹಳೆಯ ಮ್ಯಾಪ್‌ಗಳನ್ನೆಲ್ಲ ಮತ್ತೆ ನೋಡಬೇಕಾಗಿದೆ. ಶುದ್ಧ ಪೆಟ್ರೋಲ್‌ಗೆ ಗಾಳಿ ಮತ್ತು ಇಂಧನದ ಅನುಪಾತ 14.7 ಇದ್ದರೆ ಶೇಕಡಾ 20 ಎಥನಾಲ್ ಬೆರೆತಾಗ ಅದು 13.6ರ ಹತ್ತಿರಕ್ಕೆ ಇಳಿಯುತ್ತದೆ. ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಎಥನಾಲ್‌ನಿಂದ ನಾಕ್ ತಗ್ಗುವುದು ನಿಜವಾದರೂ ಮೊದಲೇ ತುದಿಗೆ ಬಂದಿದ್ದ ಇಂಧನ ಪಂಪ್‌ಗೆ ಉಸಿರು ಸಾಲದೆ ಹೋಗಬಹುದು. ಹಿಂದೆ ರೀಮ್ಯಾಪ್ ಮಾಡಿಕೊಟ್ಟ ಕಾರುಗಳ ಮಾಲೀಕರಿಗೆ ತಾವಾಗಿಯೇ ಫೋನ್ ಮಾಡಿ, ಮೇಲಿನ ಆರ್‌ಪಿಎಂಗಳಲ್ಲಿ ರೈಲ್ ಒತ್ತಡ ನೋಡಬೇಕು, ಹೊಸದೊಂದು ಲಾಗ್ ಕಳಿಸಿ ಎಂದು ಕೇಳಿದ ಟ್ಯೂನರ್‌ಗಳ ಹೆಸರನ್ನು ಗೆಳೆಯರ ನಡುವೆ ಧೈರ್ಯವಾಗಿ ಹೇಳಬಹುದು.