ದಳವಾಯಿಯ ಖಡ್ಗ, ಪಳ್ಳಾತುರುತ್ತಿಯ ಹೊಳೆ

ತಿರುವನಂತಪುರದ ಸೆಕ್ರೆಟೇರಿಯೆಟ್ ಆವರಣದಲ್ಲಿ, ಬ್ರಿಟಿಷರ ವಿರುದ್ಧ ಬಂಡೆದ್ದ ತಿರುವಾಂಕೂರು ಸಂಸ್ಥಾನದ ಮಂತ್ರಿ ವೇಲುತಂಬಿ ದಳವಾಯಿಯ ಪ್ರತಿಮೆ ಇದೆ. ಅವನ ಖಡ್ಗ ಕಿಳಿಮಾನೂರು ಅರಮನೆಯಿಂದ 1957ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಕೈಸೇರಿ, ದಶಕಗಳ ಕಾಲ ದೆಹಲಿಯಲ್ಲಿದ್ದು, 2010ರಲ್ಲಿ ಇದೇ ಊರಿನ ನೇಪಿಯರ್ ಮ್ಯೂಸಿಯಂಗೆ ಮರಳಿತು. ಕೈನಿಕ್ಕರ ಪದ್ಮನಾಭ ಪಿಳ್ಳೆ ಅವನನ್ನು ನಾಟಕದ ನಾಯಕನಾಗಿಸಿದರು. 1962ರಲ್ಲಿ ಸಿನಿಮಾವೂ ಬಂತು. ಇಷ್ಟೆಲ್ಲ ಮೆರವಣಿಗೆಯ ನಡುವೆ ಸದ್ದಿಲ್ಲದೆ ಬದಿಗೆ ಸರಿದದ್ದು 1808ರ ಡಿಸೆಂಬರಿನ ಒಂದು ಕೃತ್ಯ.

ಆ ತಿಂಗಳ 28ರ ರಾತ್ರಿ ಕೊಚ್ಚಿಯ ಬೋಲ್ಗಾಟ್ಟಿ ದ್ವೀಪದಲ್ಲಿದ್ದ ಬ್ರಿಟಿಷ್ ರೆಸಿಡೆಂಟ್ ಮೆಕಾಲೆಯ ಬಂಗಲೆಯ ಮೇಲೆ ತಿರುವಾಂಕೂರಿನ ಪಡೆ, ಕೊಚ್ಚಿಯ ಮಂತ್ರಿ ಪಾಲಿಯತ್ತಚ್ಚನ್‌ನ ಪಡೆ ಎರಡೂ ಒಟ್ಟಿಗೆ ಎರಗಿದವು. 1805ರ ಒಪ್ಪಂದದ ಪ್ರಕಾರ ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 8 ಲಕ್ಷ ರೂಪಾಯಿ ಕಕ್ಕಬೇಕಾಗಿದ್ದ ತಿರುವಾಂಕೂರು ಸಂಸ್ಥಾನದ ಸಿಟ್ಟು ಅದು. ಮೆಕಾಲೆ ಹೇಗೋ ಹಡಗು ಹತ್ತಿ ಪಾರಾದ. ಆದರೆ ಅದೇ ದಿನಗಳಲ್ಲಿ ಆಲಪ್ಪುಳದಲ್ಲಿ ದಡ ಹತ್ತಿದ ಬ್ರಿಟಿಷ್ 12ನೇ ರೆಜಿಮೆಂಟಿನ ಮೂವತ್ತಕ್ಕೂ ಹೆಚ್ಚು ಸೈನಿಕರಿಗೆ ಆ ಅದೃಷ್ಟವಿರಲಿಲ್ಲ. ಅವರನ್ನು ಸೆರೆಹಿಡಿದು, ಕಟ್ಟಿಹಾಕಿ, ಕೊರಳಿಗೆ ಕಲ್ಲು ಬಿಗಿದು ಪಳ್ಳಾತುರುತ್ತಿಯ ಹೊಳೆಗೆ ದೂಡಲಾಯಿತು. ಹ್ಯೂಮ್ ಎಂಬ ಸೇನಾ ವೈದ್ಯನನ್ನೂ ಕೊಂದರು. ಕಾದಾಡುತ್ತ ಸತ್ತವರಲ್ಲ ಇವರು, ಕೈಗೆ ಸಿಕ್ಕವರು.

ಇದನ್ನು ಇತಿಹಾಸಕಾರರು ಮುಚ್ಚಿಟ್ಟರೆಂದು ದೂರುವಂತಿಲ್ಲ. ಸಂಸ್ಥಾನದ ಅಧಿಕಾರಿಯೇ ಆಗಿದ್ದ ಪಿ. ಶಂಕುಣ್ಣಿ ಮೇನನ್ 1878ರ ತಮ್ಮ ತಿರುವಾಂಕೂರಿನ ಚರಿತ್ರೆಯಲ್ಲಿ ಕಲ್ಲು, ಹಗ್ಗ, ಹೊಳೆ ಎಲ್ಲವನ್ನೂ ದಾಖಲಿಸಿದ್ದಾರೆ. 1906ರಲ್ಲಿ ವಿ. ನಾಗಮಯ್ಯನವರ ಸ್ಟೇಟ್ ಮ್ಯಾನ್ಯುಯಲ್ ಬಂದಾಗಲೂ ಅದು ಅಲ್ಲಿತ್ತು. ಬ್ರಿಟಿಷರ ಕಣ್ಣಳತೆಯಲ್ಲಿ ಬರೆದವರಿಗೆ ದಳವಾಯಿಯನ್ನು ಹಳಿಯುವುದು ಸುಲಭವಿತ್ತು, ನಿಜ. ಹಾಗೆಂದು ಸಾಕ್ಷ್ಯವೇ ಸುಳ್ಳಾಗುವುದಿಲ್ಲ. ಸ್ವಾತಂತ್ರ್ಯಾನಂತರದ ಜನಪ್ರಿಯ ಬರಹ ಎಡವಿದ್ದು ಇಲ್ಲೇ. ಹಳೆಯ ಗ್ರಂಥಗಳ ನಿಷ್ಠೆಯನ್ನು ಕಳಚಿಹಾಕುವ ಭರದಲ್ಲಿ ಅವುಗಳ ಮಾಹಿತಿಯನ್ನೂ ಕೊಡವಿಕೊಂಡಿತು. ಬ್ರಿಟಿಷರ ವಿರುದ್ಧ ಏಳಲು ಜನರಿಗೆ ಕರೆಕೊಟ್ಟ 1809ರ ಜನವರಿ 11ರ ಕುಂಡರ ಘೋಷಣೆ, ಮಣ್ಣಡಿ ದೇವಾಲಯದಲ್ಲಿ ದಳವಾಯಿಯ ಕೊನೆ ಇವೆರಡೂ ದೊಡ್ಡಕ್ಷರದಲ್ಲಿ ಉಳಿದವು. ಮಣ್ಣಡಿಯಲ್ಲಿ ಶತ್ರುವಿಗೆ ಸೆರೆ ಸಿಗಲೊಲ್ಲದೆ ಪ್ರಾಣಬಿಟ್ಟ ವೀರನಿದ್ದಾನೆ. ಆಲಪ್ಪುಳದಲ್ಲಿ ಸೆರೆಸಿಕ್ಕವರ ಪ್ರಾಣ ತೆಗೆದ ಪಡೆಯಿದೆ. ಎರಡನ್ನೂ ಒಂದೇ ಅಧ್ಯಾಯದಲ್ಲಿ ನಿಲ್ಲಿಸುವ ಲೇಖಕನಿಗೆ ನಿಜಕ್ಕೂ ಕೆಲಸವಿದೆ.

ಇಂಗ್ಲಿಷ್ ಬರಹಗಾರರೇನು ನಿರ್ಲಿಪ್ತರಲ್ಲ. ಶ್ರೀರಂಗಪಟ್ಟಣದ ಸೆರೆಮನೆಯಿಂದ ಬದುಕಿ ಬಂದ ಬ್ರಿಸ್ಟೋ, ಸ್ಕರಿ ಮೊದಲಾದವರ ಆತ್ಮಕಥನಗಳನ್ನು ಟಿಪ್ಪುವಿನ ವಿರುದ್ಧ ಹೇಗೆ ಬಳಸಿಕೊಂಡರೆಂದು ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ. ಆ ಹಾದಿಯಲ್ಲಿ ಪಳ್ಳಾತುರುತ್ತಿಯೂ ಸೇಡಿಗೆ ರಹದಾರಿಯಾಯಿತು. ದಳವಾಯಿಯ ಹೆಣವನ್ನು ತಿರುವನಂತಪುರದ ಕಣ್ಣಮ್ಮೂಲದಲ್ಲಿ ತೂಗುಹಾಕಿದರು. ಅವನ ತಮ್ಮನನ್ನು ಅದೇ 12ನೇ ರೆಜಿಮೆಂಟಿನ ಕಣ್ಣೆದುರೇ ಗಲ್ಲಿಗೇರಿಸಿದರು. ಸತ್ತವನ ಮೇಲೆ ಹಗೆ ಸಾಧಿಸಿದ್ದು ಸುಸಂಸ್ಕೃತ ಸರ್ಕಾರಕ್ಕೆ ತಕ್ಕದ್ದಲ್ಲವೆಂದು ಗವರ್ನರ್ ಜನರಲ್ ಲಾರ್ಡ್ ಮಿಂಟೋನೇ ಆಕ್ಷೇಪಿಸಿದ. ಶಂಕುಣ್ಣಿ ಮೇನನ್ನರಲ್ಲಿ ಸೈನಿಕರ ಹತ್ಯೆ, ಹೆಣದ ಅವಮಾನ ಎರಡಕ್ಕೂ ಜಾಗ ಸಿಕ್ಕಿದೆ. ರಾಜಭಕ್ತಿಯ ಧಾಟಿ ಎಷ್ಟೇ ಇರಲಿ, ಈ ಒಂದು ಕಾರಣಕ್ಕೆ ಆ ಹಳೆಯ ಪುಸ್ತಕ ಆಮೇಲಿನ ಎಷ್ಟೋ ವೀರಗಾಥೆಗಳಿಗಿಂತ ಗಟ್ಟಿ.

ಇನ್ನೂ ಕಡಿಮೆ ಬರೆಯಲಾಗಿರುವುದು ಆ ಹತ್ಯೆಯ ಆಜ್ಞೆಯನ್ನು ಕೈಯಾರೆ ನಡೆಸಿದವರ ಬಗ್ಗೆ. ಈ ಪ್ರಕರಣದಲ್ಲಿ ಕೇಳಿಬರುವ ಹೆಸರು ವೈಕಂ ಪದ್ಮನಾಭ ಪಿಳ್ಳೆಯದು. 1789ರ ಡಿಸೆಂಬರಿನಲ್ಲಿ ತಿರುವಾಂಕೂರಿನ ಗಡಿರಕ್ಷಣೆಯ ನೆಡುಂಕೋಟೆಯಲ್ಲಿ ಟಿಪ್ಪುವಿನ ಸೈನ್ಯದ ಮೇಲೆ ಹಠಾತ್ತನೆ ಬಿದ್ದು ಹಿಮ್ಮೆಟ್ಟಿಸಿದ ಕೀರ್ತಿಯನ್ನು ತಿರುವಾಂಕೂರಿನ ಪರಂಪರೆ ಕೊಡುವುದೂ ಇವನಿಗೇ. ಆಗ ತಿರುವಾಂಕೂರು ಕಂಪನಿಯ ಮಿತ್ರರಾಜ್ಯ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಕಂಪನಿ ಅವನನ್ನು ನೇಣಿಗೇರಿಸಿತು. ಟಿಪ್ಪುವಿನ ಮೇಲೆ ಕನ್ನಡದಲ್ಲಿ ಬಂದ ಪುಸ್ತಕಗಳು ನೆಡುಂಕೋಟೆಯಿಂದ ನೇರ ಮೂರನೇ ಮೈಸೂರು ಯುದ್ಧಕ್ಕೆ ಹಾಯುತ್ತವೆ. ಮಲಯಾಳದ ವೀರಗಾಥೆ ಅವನನ್ನು ನೆಡುಂಕೋಟೆಯಲ್ಲೇ ನಿಲ್ಲಿಸಿ ಹಾರ ಹಾಕುತ್ತದೆ. ಅಲ್ಲಿಂದ ಆಲಪ್ಪುಳದ ತನಕ ಅವನ ಬೆನ್ನುಹತ್ತಿ ಹೋಗುವ ಜೀವನಚರಿತ್ರೆ ಎರಡೂ ಭಾಷೆಗಳ ಓದುಗರಿಗೆ ಬೇಕಾಗಿದೆ.