ಶಬರಿಯ ದಿನಚರಿ

ಶಬರಿ ಎಂದ ಕೂಡಲೇ ನಮಗೆ ನೆನಪಾಗುವುದು ಕಚ್ಚಿ ರುಚಿ ನೋಡಿದ ಬೋರೆಹಣ್ಣು. ಹರಿಕಥೆಯಲ್ಲಿ, ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ, ಅಜ್ಜಿ ಹೇಳಿದ ಕಥೆಯಲ್ಲಿ ಅವಳು ಹಣ್ಣು ಕಚ್ಚುತ್ತಾಳೆ, ಹುಳಿಯಾದದ್ದನ್ನು ಬಿಸಾಡುತ್ತಾಳೆ, ಸಿಹಿಯಾದದ್ದನ್ನು ರಾಮನ ಕೈಗಿಡುತ್ತಾಳೆ. ವಾಲ್ಮೀಕಿ ರಾಮಾಯಣದಲ್ಲಿ ಈ ಪ್ರಸಂಗ ಇಲ್ಲ. ತುಳಸೀದಾಸರ ರಾಮಚರಿತಮಾನಸದಲ್ಲೂ ಇಲ್ಲ. ಎಂಜಲು ಹಣ್ಣಿನ ಕಥೆ ಭಕ್ತರ ಬಾಯಲ್ಲಿ ಬೆಳೆದು ಬಂದದ್ದು. ಮಡಿ ಮೈಲಿಗೆಗಳ ಲೆಕ್ಕವನ್ನು ಒಂದೇ ಏಟಿಗೆ ಅಳಿಸಿಹಾಕುವ ಆ ಕಥೆಯ ಚೆಲುವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಅದನ್ನು ಬಿಟ್ಟುಬಿಡಿ ಎಂದು ನಾನೂ ಹೇಳಲಾರೆ. ಆದರೆ ನಮ್ಮ ಗಮನವನ್ನೆಲ್ಲ ಅದು ರಾಮ ಬಂದ ಆ ಒಂದು ಗಳಿಗೆಗೆ ಎಳೆದುಕೊಂಡುಬಿಟ್ಟಿದೆ. ಅವನು ಬರುವುದಕ್ಕೆ ಮುಂಚಿನ ವರ್ಷಗಳಲ್ಲಿ ಅವಳು ಏನು ಮಾಡುತ್ತಿದ್ದಳು? ದೇವರಿಗಾಗಿ ಕಾಯುವ ಜೀವ ಒಣಗುತ್ತದೆಯೋ ಚಿಗುರುತ್ತದೆಯೋ ಎಂಬ ಪ್ರಶ್ನೆಗೆ ಉತ್ತರ ಸಿಗುವುದಾದರೆ ಅದು ಆ ವರ್ಷಗಳಲ್ಲಿ ಸಿಗಬೇಕು.

ಅರಣ್ಯಕಾಂಡದ ಕೊನೆಯ ಮೂರು ಸರ್ಗಗಳನ್ನು ಅವಸರವಿಲ್ಲದೆ ಓದಬೇಕು. ರಾಮನಿಗೆ ಶಬರಿಯ ಹೆಸರು ಹೇಳುವವನು ಕಬಂಧನೆಂಬ ರಾಕ್ಷಸ. ಅಣ್ಣತಮ್ಮಂದಿರು ಅವನ ತೋಳು ಕಡಿದು, ಚಿತೆಗಿಟ್ಟು, ಶಾಪ ಕಳೆದ ಮೇಲೆ ಅವನು ಪಂಪೆಯ ದಾರಿ ತೋರಿಸುತ್ತಾನೆ. ಆ ದಾರಿಯ ವಿವರದ ನಡುವೆ ಒಂದು ಅಪೂರ್ವ ಸಂಗತಿ ಬರುತ್ತದೆ. ಮತಂಗ ಋಷಿಯ ಶಿಷ್ಯರು ಗುರುವಿಗಾಗಿ ಕಾಡಿನ ಗೆಡ್ಡೆಗೆಣಸು, ಹಣ್ಣುಹಂಪಲು ಹೊತ್ತು ತರುತ್ತಿದ್ದರಂತೆ. ಹೊರೆಯ ಭಾರಕ್ಕೆ ಬಳಲಿದ ಅವರ ಮೈಯಿಂದ ನೆಲಕ್ಕೆ ಬಿದ್ದ ಬೆವರ ಹನಿಗಳೇ ಅಲ್ಲಿ ಹೂಗಳಾದವು, ಅವು ಇಂದಿಗೂ ಬಾಡಿಲ್ಲ ಎನ್ನುತ್ತಾನೆ ಕಬಂಧ. ಆ ಋಷಿಗಳೆಲ್ಲ ಹೊರಟುಹೋದರು, ಅವರ ಸೇವೆ ಮಾಡುತ್ತಿದ್ದ ಶಬರಿ ಮಾತ್ರ ಈಗಲೂ ಅಲ್ಲಿದ್ದಾಳೆ ಎಂಬುದು ಅದರ ಮುಂದಿನ ಮಾತು.

ಆಶ್ರಮದ ಹೂವು ಬಾಡದೆ ಉಳಿದದ್ದಕ್ಕೆ ಕವಿ ಕೊಡುವ ಕಾರಣ ದುಡಿಮೆ. ತಪಸ್ಸೆಂದರೆ ಕಣ್ಣು ಮುಚ್ಚಿ ಕೂರುವುದು ಎಂದು ತಿಳಿದವರಿಗೆ ಇದು ಹೊಸದಾಗಿ ಕಾಣಬಹುದು. ಶಬರಿ ಮುಂದೆ ರಾಮನಿಗೆ ತೋರಿಸುವ ಮತಂಗವನದಲ್ಲೂ ಇದೇ ಸ್ವರ. ಆಯಾಸದಿಂದ ನಡುಗುವ ಕೈಗಳಿಂದಲೇ ಋಷಿಗಳು ಹೂವೇರಿಸಿದ ವೇದಿ ಇನ್ನೂ ಬೆಳಗುತ್ತಿದೆ. ಉಪವಾಸದಿಂದ ಬಳಲಿ ನಡೆಯಲಾರದೆ ಹೋದಾಗ ಅವರು ನೆನೆದ ಮಾತ್ರಕ್ಕೆ ಏಳು ಸಮುದ್ರಗಳು ಅಲ್ಲಿಗೇ ಬಂದವು. ಸ್ನಾನ ಮಾಡಿ ಮರಗಳ ಮೇಲೆ ಹರವಿದ ನಾರುಬಟ್ಟೆ ಇನ್ನೂ ಆರಿಲ್ಲ. ಈ ಕೊನೆಯ ವಿವರದ ಹತ್ತಿರ ನಾನು ಪ್ರತಿ ಸಲವೂ ನಿಲ್ಲುತ್ತೇನೆ. ಋಷಿಗಳು ಸ್ವರ್ಗಕ್ಕೆ ಹೋದದ್ದು ರಾಮ ಚಿತ್ರಕೂಟಕ್ಕೆ ಬಂದ ಕಾಲಕ್ಕೆ. ಆಮೇಲೆ ರಾಮ ದಂಡಕಾರಣ್ಯದ ಆಶ್ರಮಗಳಲ್ಲಿ ಕಳೆದದ್ದೇ 10 ವರ್ಷ. ಪಂಚವಟಿಯ ವಾಸ ಬೇರೆ. ಇಷ್ಟು ಕಾಲ ಬಟ್ಟೆ ಹಸಿಯಾಗಿಯೇ ಇದೆ. ಇದನ್ನು ಬರೀ ಪವಾಡವೆಂದು ಓದಿ ಮುಂದೆ ಹೋಗುವವರು ಹೋಗಲಿ. ಅಲ್ಲಿ ಉಳಿದ ಒಬ್ಬಳೇ ಹೆಂಗಸು ಆ ಜಾಗವನ್ನು ಹೇಗೆ ಇಟ್ಟುಕೊಂಡಿದ್ದಳು ಎಂಬುದನ್ನು ಕವಿ ಹೀಗೆ ಹೇಳುತ್ತಿದ್ದಾನೆ ಎಂದು ನನ್ನ ಓದು. ಹೋದವರು ಇದೀಗ ಮಿಂದು ಎದ್ದುಹೋದರೋ ಎಂಬಂತೆ ಇತ್ತು ಅದು.

ರಾಮ ಬಂದವನೇ ಕೇಳುವ ಪ್ರಶ್ನೆಗಳನ್ನೂ ಗಮನಿಸಬೇಕು. ಎಷ್ಟು ವರ್ಷದಿಂದ ಕಾದೆ, ಎಷ್ಟು ಅತ್ತೆ ಎಂದು ಅವನು ಕೇಳುವುದಿಲ್ಲ. ವಿಘ್ನಗಳನ್ನು ಗೆದ್ದೆಯಾ, ತಪಸ್ಸು ಬೆಳೆಯುತ್ತಿದೆಯೇ, ಕೋಪ ಹತೋಟಿಯಲ್ಲಿದೆಯೇ, ಆಹಾರದಲ್ಲಿ ಮಿತಿ ಇದೆಯೇ, ಮನಸ್ಸಿಗೆ ಸುಖವಿದೆಯೇ, ಗುರುಸೇವೆ ಫಲಿಸಿತೇ ಎಂದು ಕೇಳುತ್ತಾನೆ. ಅಷ್ಟೂ ಪ್ರಶ್ನೆ ಅವಳ ದಿನಚರಿಯ ಬಗ್ಗೆ. ಅದರಲ್ಲೂ ಕೋಪದ ವಿಚಾರ! ಕಾಯುವವರಿಗೆ ಹತ್ತಿರದ ಶತ್ರು ದುಃಖವಲ್ಲ, ಕೋಪ. ಬರುತ್ತೇನೆಂದವರು ಬಾರದಿದ್ದಾಗ ಮೊದಲು ಅವರ ಮೇಲೆ, ಆಮೇಲೆ ತನ್ನ ಮೇಲೆ, ಕೊನೆಗೆ ಕಣ್ಣಿಗೆ ಬಿದ್ದವರೆಲ್ಲರ ಮೇಲೆ ಸಿಟ್ಟು ಬರುತ್ತದೆ. ಹಾಸಿಗೆ ಹಿಡಿದವರ ಪಕ್ಕ ರಾತ್ರಿಗಟ್ಟಲೆ ಕೂತವರಿಗೆ, ಮಕ್ಕಳ ದಾರಿ ನೋಡುತ್ತ ವಯಸ್ಸಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾಲ್ಮೀಕಿಯ ರಾಮನಿಗೆ ಇದು ಗೊತ್ತಿತ್ತು.

ಕನ್ನಡದ ಕವಿಗಳು ಈ ಎಳೆಯನ್ನು ಚೆನ್ನಾಗಿ ಹಿಡಿದಿದ್ದಾರೆ. ವಿ. ಸೀತಾರಾಮಯ್ಯನವರ ‘ಶಬರಿ’ ಭಾವಗೀತೆಯನ್ನು ಗಾಯಕರು ಸಾಮಾನ್ಯವಾಗಿ ವಿರಹಗೀತೆಯಂತೆ ಎಳೆದು, ಗದ್ಗದ ಕಂಠದಲ್ಲಿ ಹಾಡುತ್ತಾರೆ. ಪದ್ಯವನ್ನೇ ಓದಿದರೆ ಅದರ ತುಂಬ ಇರುವುದು ಸುತ್ತುವುದು, ಆಯುವುದು, ತರುವುದು, ಅಣಿಮಾಡುವುದು. ಆ ಹಾಡಿನ ಶಬರಿಗೆ ಕೂತು ಅಳಲು ಪುರುಸೊತ್ತಿಲ್ಲ. ಹಾಡುಗಾರಿಕೆ ಕವಿತೆಗೆ ಅಷ್ಟರಮಟ್ಟಿಗೆ ಅನ್ಯಾಯ ಮಾಡಿದೆ ಎಂದೇ ನನ್ನ ಅಭಿಪ್ರಾಯ. ಪು.ತಿ.ನ. ಅವರ ‘ಶಬರಿ’ ನಾಟಕ ಹತ್ತನೇ ತರಗತಿಯ ಪಠ್ಯದಲ್ಲಿ ಬಂದದ್ದರಿಂದ ಕರ್ನಾಟಕದ ಒಂದು ತಲೆಮಾರಿನ ಮಕ್ಕಳು ಅದನ್ನು ಓದಿ ಬೆಳೆದಿದ್ದಾರೆ. ಅಲ್ಲಿ ರಾಮ ಬರುವುದೇ ಸೀತೆಯನ್ನು ಕಳೆದುಕೊಂಡ ಸಂಕಟದಲ್ಲಿ, ಲಕ್ಷ್ಮಣನ ಸಮಾಧಾನದ ಮಾತುಗಳಿಗೂ ಜಗ್ಗದ ಸ್ಥಿತಿಯಲ್ಲಿ. ಎದುರಿಗೆ ಶಬರಿಯ ಸಡಗರ. ಒಬ್ಬ ಕಳೆದುಕೊಂಡವನು, ಒಬ್ಬಳು ಕಾದುಕೊಂಡವಳು. ಇಬ್ಬರಲ್ಲಿ ಚೈತನ್ಯ ಯಾರಲ್ಲಿದೆ ಎಂಬುದನ್ನು ನಾಟಕ ಮಾತಾಡದೆ ತೋರಿಸುತ್ತದೆ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಈ ಪ್ರಸಂಗಕ್ಕೆ ಇಟ್ಟ ಹೆಸರು ‘ಶಬರಿಗಾದನು ಅತಿಥಿ ದಾಶರಥಿ’. ಮನೆಯೊಡತಿ ಶಬರಿ, ಬಾಗಿಲಿಗೆ ಬಂದವನು ರಾಮ. ಕಾಯುವುದನ್ನು ತಪಸ್ಸೆಂದು ಕಂಡ ಕವಿ ಆದ್ದರಿಂದಲೇ ಅವರು ಅಯೋಧ್ಯೆಯಲ್ಲಿ ಉಳಿದ ಊರ್ಮಿಳೆಯನ್ನೂ ತಪಸ್ವಿನಿಯನ್ನಾಗಿ ಮಾಡಿದರು.

ಹಣ್ಣಿನ ಮಾತಿಗೇ ಮತ್ತೆ ಬರುತ್ತೇನೆ. ಬೋರೆಹಣ್ಣು, ನಮ್ಮ ಉತ್ತರ ಕರ್ನಾಟಕದವರ ಬಾರಿಹಣ್ಣು, ಸಿಗುವುದು ಚಳಿಗಾಲದಲ್ಲಿ. ಸಂಕ್ರಾಂತಿಗೆ ಮಕ್ಕಳ ತಲೆಯ ಮೇಲೆ ಎರೆಯುವ ಹೊತ್ತಿಗೆ. ರಾಮ ಯಾವ ತಿಂಗಳಲ್ಲಿ ಬರುತ್ತಾನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹಾಗಾದರೆ ಬೇಸಿಗೆಯಲ್ಲಿ ಕವಳಿ ಹಣ್ಣಿನ ಮುಳ್ಳುಪೊದೆಗೆ ಕೈ ಹಾಕಬೇಕು. ಮುಂಗಾರಿನ ಮೊದಲ ಮಳೆಗೆ ಉದುರುವ ನೇರಳೆಯನ್ನು ಮಣ್ಣು ಹತ್ತುವ ಮುಂಚೆ ಆರಿಸಬೇಕು. ಅತ್ತಿಯನ್ನು ಒಡೆದು ಹುಳ ಇದೆಯೇ ನೋಡಬೇಕು. ಇವತ್ತು ತಂದದ್ದು ನಾಳೆಗೆ ಸುಕ್ಕುಗಟ್ಟುತ್ತದೆ, ನಾಡಿದ್ದಿಗೆ ಕೊಳೆಯುತ್ತದೆ. ನಾಳೆ ಮತ್ತೆ ಹೋಗಲೇಬೇಕು. ಅತಿಥಿಗೆ ನಿನ್ನೆಯ ಹಣ್ಣು ಕೊಡುವಂತಿಲ್ಲವಲ್ಲ. ಯಾವ ಮರ ಯಾವಾಗ ಹಣ್ಣು ಬಿಡುತ್ತದೆ, ಯಾವ ರೆಂಬೆಯದು ಸಿಹಿ, ಯಾವ ಬದಿಯದು ಒಗರು ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿರಬೇಕು. ಪಂಪೆಯ ದಡದಲ್ಲಿ ಬೆಳೆದದ್ದನ್ನೇ ನಿನಗಾಗಿ ಕೂಡಿಸಿದ್ದೇನೆ ಎಂದು ವಾಲ್ಮೀಕಿಯ ಶಬರಿ ಸರಳವಾಗಿ ಹೇಳುವ ಮಾತಿನ ಹಿಂದೆ ನನಗೆ ಕಾಣುವುದು ಈ ದಿನನಿತ್ಯದ ತಿರುಗಾಟ. ಕಾಯುವಿಕೆಯಿಂದ ಸಿಗುವ ಹೊಸ ಹುರುಪು ಎಂದು ಪ್ರವಚನಕಾರರು ಹೇಳುವುದು ನಿಜವೇ ಆಗಿದ್ದರೆ ಅದು ಹುಟ್ಟುವುದು ಇಲ್ಲಿ, ಬೆಳಿಗ್ಗೆ ಎದ್ದು ಇವತ್ತೇ ಬರಬಹುದು ಎಂದು ಬುಟ್ಟಿ ಎತ್ತಿಕೊಳ್ಳುವಲ್ಲಿ. ಅವನು ಬಂದ ಮೇಲೆ ಹುಟ್ಟುವುದಲ್ಲ ಅದು.

ಆನೆಗುಂದಿಯ ಕಡೆಯ ಪಂಪಾ ಸರೋವರದ ಬಳಿ ಇವತ್ತಿಗೂ ಶಬರಿಯ ಗುಹೆ ಎಂದು ತೋರಿಸುತ್ತಾರೆ. ಹೊಳೆಯ ಆಚೆ ಹಂಪಿಯಲ್ಲಿ ಮತಂಗ ಪರ್ವತ. ಬೆಳಗಾವಿ ಜಿಲ್ಲೆಯ ಸುರೇಬಾನದ ಹತ್ತಿರ ಶಬರಿಕೊಳ್ಳವಿದೆ. ಅವಳು ತಮ್ಮಲ್ಲೇ ಇದ್ದಳೆಂದು ಹೇಳುವ ಊರುಗಳು ಬೇರೆ ರಾಜ್ಯಗಳಲ್ಲೂ ಇವೆ. ಜಗಳವಾಡುವ ಅಗತ್ಯ ಕಾಣುವುದಿಲ್ಲ.

ಅಧ್ಯಾತ್ಮ ರಾಮಾಯಣ ಮತ್ತು ರಾಮಚರಿತಮಾನಸದ ಬಗ್ಗೆ ನನ್ನದೊಂದು ತಕರಾರಿದೆ. ಎರಡರಲ್ಲೂ ರಾಮ ಶಬರಿಗೆ ಭಕ್ತಿಯ ಒಂಬತ್ತು ಬಗೆಗಳನ್ನು ಉಪದೇಶಿಸುತ್ತಾನೆ. ಸತ್ಸಂಗದಿಂದ ಶುರುವಾಗುವ ಆ ಉಪದೇಶ ಲಕ್ಷಾಂತರ ಜನರಿಗೆ ದಾರಿಯಾಗಿದೆ, ನಿಜ. ಅವೆಲ್ಲವೂ ನಿನ್ನಲ್ಲಿ ಗಟ್ಟಿಯಾಗಿವೆ ಎಂದು ತುಳಸಿಯ ರಾಮ ಅವಳಿಗೆ ಹೇಳುತ್ತಾನೆ, ಅದೂ ನಿಜ. ಆದರೂ ಇಷ್ಟು ವರ್ಷ ಬದುಕಿ ತಿಳಿದುಕೊಂಡವಳು ಅಲ್ಲಿ ಕೈಮುಗಿದು ಕೇಳುವವಳಾಗಿಬಿಟ್ಟಳು. ವಾಲ್ಮೀಕಿಯಲ್ಲಿ ಅವಳೇ ಮುಂದೆ ನಡೆದು, ಇದು ವೇದಿ, ಇದು ತೀರ್ಥ, ಇದು ಹೂವು ಎಂದು ತೋರಿಸುತ್ತಾಳೆ. ರಾಮ ಹಿಂದೆ ಹಿಂದೆ ಹೋಗಿ ನೋಡುತ್ತಾನೆ. ಕಾದವಳಿಗೆ ತಿಳಿದದ್ದನ್ನು ಅವಳಿಂದಲೇ ಕೇಳಿಸುವ ಧೈರ್ಯ ಆದಿಕವಿಗಿತ್ತು.

ಇನ್ನು ಈ ಕಥೆಯನ್ನು ಬಳಸಿಕೊಳ್ಳುವ ರೀತಿಯ ವಿಚಾರ. ಶಬರಿಯನ್ನು ನೋಡಿ, ತಾಳ್ಮೆ ಕಲಿಯಿರಿ, ದೇವರು ತಡಮಾಡಿದರೂ ಕೈಬಿಡುವುದಿಲ್ಲ ಎಂಬ ಮಾತು ಎಲ್ಲರ ಬಾಯಲ್ಲೂ ಒಂದೇ ಅರ್ಥ ಕೊಡುವುದಿಲ್ಲ. ನೊಂದವರು ತಮಗೆ ತಾವೇ ಹೇಳಿಕೊಂಡಾಗ ಅದು ಊರುಗೋಲು. ಬಾಗಿಲು ಹಾಕಿ ಒಳಗೆ ಕೂತವರು ಹೊರಗಿನವರಿಗೆ ಹೇಳಿದಾಗ ಅದು ಕ್ರೌರ್ಯ. ರಾಮಾಯಣದ ಪಂಚವಟಿ ಎಂದು ಹೇಳುವ ನಾಸಿಕದ ಅದೇ ಪಂಚವಟಿಯಲ್ಲಿ ಕಾಳಾರಾಮ ಮಂದಿರವಿದೆ. 1930ರ ಮಾರ್ಚ್ 2ರಂದು ಡಾ. ಬಿ.ಆರ್. ಅಂಬೇಡ್ಕರ್ ಅವರ ನೇತೃತ್ವದಲ್ಲಿ ಸಾವಿರಾರು ದಲಿತರು ಆ ಗುಡಿಯ ಬಾಗಿಲಿಗೆ ಬಂದರು. ರಾಮನ ದರ್ಶನಕ್ಕೆಂದೇ ಬಂದವರು. ಸತ್ಯಾಗ್ರಹ ವರ್ಷಗಟ್ಟಲೆ ನಡೆದರೂ ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರಿನಲ್ಲಿ ಯೇವಲೆಯಲ್ಲಿ ಅಂಬೇಡ್ಕರ್, ತಾವು ಹಿಂದೂ ಆಗಿ ಸಾಯುವುದಿಲ್ಲವೆಂದು ಸಾರಿದರು. ಆ ಜನಕ್ಕೆ ಶಬರಿಯ ತಾಳ್ಮೆ ಇರಲಿಲ್ಲ ಎಂದು ಯಾರಾದರೂ ಅಂದರೆ ಅವರು ಶಬರಿಯನ್ನೂ ಓದಿಲ್ಲ, ಚರಿತ್ರೆಯನ್ನೂ ಓದಿಲ್ಲ. ಶಬರಿಯ ಕಥೆಯಲ್ಲಿ ಬೀಗವಿಲ್ಲ, ಬೀಗದ ಕೈ ಹಿಡಿದ ಮೂರನೆಯವರಿಲ್ಲ. ರಾಮನೇ ಕಾಡು ದಾಟಿ ಅವಳ ಅಂಗಳಕ್ಕೆ ನಡೆದು ಬರುತ್ತಾನೆ. ದೇವರಿಗಾಗಿ ಕಾಯುವುದು ಬೇರೆ, ಮನುಷ್ಯರ ಅಪ್ಪಣೆಗಾಗಿ ಕಾಯುವುದು ಬೇರೆ. ಉಡುಪಿಯ ಕನಕನ ಕಿಂಡಿಯ ಐತಿಹ್ಯ ಕೇಳಿ ಬೆಳೆದ ನಮಗೆ ಈ ವ್ಯತ್ಯಾಸ ಗೊತ್ತಿರಬೇಕಿತ್ತು. ಎರಡನೆಯದನ್ನು ಮೊದಲನೆಯದರ ಹೆಸರಿನಲ್ಲಿ ಹೇರಿದ ಪಾಪ ನಮ್ಮ ಧಾರ್ಮಿಕ ಬದುಕಿನ ಮೇಲಿದೆ, ಮತ್ತು ಕಾಯುವಿಕೆಯ ಬಗ್ಗೆ ಬರೆಯುವ ಯಾರೂ ಅದನ್ನು ದಾಟಿಕೊಂಡು ಹೋಗುವಂತಿಲ್ಲ.

ವಾಲ್ಮೀಕಿಯಲ್ಲೇ ನನಗೆ ಒಪ್ಪಿಗೆಯಾಗದ ಒಂದು ಭಾಗವಿದೆ. ಎಲ್ಲವನ್ನೂ ತೋರಿಸಿ ಮುಗಿಸಿದ ಮೇಲೆ ಶಬರಿ ರಾಮನ ಅನುಮತಿ ಪಡೆದು ಬೆಂಕಿಗೆ ತನ್ನನ್ನು ಅರ್ಪಿಸಿಕೊಳ್ಳುತ್ತಾಳೆ, ದಿವ್ಯರೂಪದಲ್ಲಿ ಗುರುಗಳಿದ್ದ ಲೋಕಕ್ಕೆ ಹೋಗುತ್ತಾಳೆ. ಹೋಗಬೇಕೆಂಬ ಇಚ್ಛೆ ಅವಳದೇ. ರಾಮ ಹೋಗು ಎಂದು ತಾನಾಗಿ ಹೇಳಲಿಲ್ಲ. ಜೀರ್ಣವಾದ ದೇಹ, ಮುಗಿದ ವ್ರತ ಎಂದು ವ್ಯಾಖ್ಯಾನಕಾರರು ಸಮರ್ಥಿಸಬಹುದು. ಆದರೂ ಬಂದ ಅತಿಥಿಯ ಜೊತೆ ಒಂದು ರಾತ್ರಿ ಮಾತಾಡಿಕೊಂಡು ಕೂರುವಷ್ಟಾದರೂ ಅವಳನ್ನು ಉಳಿಸಿಕೊಳ್ಳಬಾರದಿತ್ತೇ ಎಂದು ಮನಸ್ಸು ಕೇಳುತ್ತದೆ.

ಅವಳು ಹೋದ ಮೇಲಿನ ಒಂದು ಸಣ್ಣ ಭಾಗವನ್ನು ಹರಿಕಥೆಗಳು ಬಿಟ್ಟೇಬಿಡುತ್ತವೆ. ರಾಮ ಆ ಸಪ್ತಸಾಗರ ತೀರ್ಥದಲ್ಲಿ ಮಿಂದು ಪಿತೃಗಳಿಗೆ ತರ್ಪಣ ಕೊಡುತ್ತಾನೆ. ಆಮೇಲೆ ಲಕ್ಷ್ಮಣನಿಗೆ, ನಮ್ಮ ಅಶುಭ ಕಳೆಯಿತು, ನನ್ನ ಮನಸ್ಸು ಈಗ ಹರ್ಷಗೊಂಡಿದೆ ಎನ್ನುತ್ತಾನೆ. ಸೀತೆ ಕಾಣೆಯಾದಾಗಿನಿಂದ ಮರಗಳನ್ನು ಕೇಳಿ, ನದಿಯನ್ನು ಕೇಳಿ, ಲೋಕವನ್ನೇ ಸುಡುತ್ತೇನೆಂದು ಬಿಲ್ಲೆತ್ತಿದ್ದವನ ಬಾಯಲ್ಲಿ ಬರುವ ಮಾತು ಇದು. ಒಬ್ಬ ಮುದುಕಿ ವರ್ಷಾನುಗಟ್ಟಲೆ ಹಸಿರಾಗಿಟ್ಟಿದ್ದ ನೆಲದಲ್ಲಿ ಸ್ವಲ್ಪ ಹೊತ್ತು ಇದ್ದು ಅವನು ಚೇತರಿಸಿಕೊಂಡ. ಈ ಚೇತರಿಕೆ ಹೆಚ್ಚು ಕಾಲ ಉಳಿಯಲಿಲ್ಲ ಎಂಬುದನ್ನೂ ವಾಲ್ಮೀಕಿ ಮುಚ್ಚಿಡುವುದಿಲ್ಲ. ಪಂಪೆಯ ದಡದಲ್ಲಿ ವಸಂತ ಅರಳಿದ್ದನ್ನು ಕಂಡ ಕೂಡಲೇ ರಾಮ ಮತ್ತೆ ಸೀತೆಗಾಗಿ ಗೋಳಾಡುತ್ತಾನೆ. ಕಿಷ್ಕಿಂಧಾಕಾಂಡ ಶುರುವಾಗುವುದೇ ಆ ಅಳಲಿನಿಂದ. ಲಕ್ಷ್ಮಣ ಸಮಾಧಾನ ಹೇಳುತ್ತಾನೆ. ಅಣ್ಣತಮ್ಮಂದಿರು ಋಷ್ಯಮೂಕದ ಕಡೆಗೆ ನಡೆಯುತ್ತಾರೆ.